ಬೈಬಲ್ ಅಕ್ಷರಶಃ ಸತ್ಯವೇ? ಕ್ರೈಸ್ತ ನಂಬಿಕೆಯ ಭಾರ ಎಲ್ಲಿ ನಿಂತಿದೆ

ಕಾಲೇಜು ಸೇರಿದ ಕ್ರೈಸ್ತ ಮಕ್ಕಳಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. "ಬೈಬಲ್‌ನಲ್ಲಿ ಇರೋದನ್ನೆಲ್ಲ ಅಕ್ಷರಶಃ ನಂಬ್ತೀರಾ? ಆರೇ ದಿನದಲ್ಲಿ ಲೋಕ ಆಯ್ತು ಅಂತಾನಾ?" ಹೌದು ಅಂದರೆ ವಿಜ್ಞಾನ ಗೊತ್ತಿಲ್ಲದವರು ಅನ್ನಿಸಿಕೊಳ್ಳಬೇಕು. ಇಲ್ಲ ಅಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ. "ಹಾಗಾದ್ರೆ ಯೇಸು ಸತ್ತು ಎದ್ದು ಬಂದ ಅನ್ನೋದನ್ನ ಮಾತ್ರ ಯಾಕೆ ನಂಬ್ತೀರಿ?"

ಎರಡನೆಯದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ 'ಅಕ್ಷರಶಃ' ಎಂದು ಹೇಳುವವರು ಏನನ್ನು ಹೇಳುತ್ತಿದ್ದಾರೆ, ಈ ವಾದ ಎಲ್ಲಿಂದ ಬಂತು ಎಂದು ಮೊದಲು ತಿಳಿದುಕೊಳ್ಳಬೇಕು. ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಕ್ರೈಸ್ತ. ಯೇಸುವಿನ ಪುನರುತ್ಥಾನ ನಡೆದ ಘಟನೆ ಎಂದೇ ನಂಬುತ್ತೇನೆ. ಭೂಮಿಗೆ ಆರು ಸಾವಿರ ವರ್ಷ ಎಂದು ನಂಬುವುದಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ ಎಂಬುದು ನನ್ನ ವಾದ. ಜೊತೆಗೆ, ಭೂಮಿಯ ವಯಸ್ಸಿನ ಮೇಲೆ ನಂಬಿಕೆಯನ್ನು ಕಟ್ಟಿದವರು ನಮ್ಮ ಮಕ್ಕಳಿಗೆ ಹೊರಲಾಗದ ಹೊರೆ ಹೊರಿಸಿದ್ದಾರೆ ಎಂಬ ಬೇಸರವೂ ನನಗಿದೆ.

ಅಕ್ಷರಶಃ ಓದಬೇಕು ಎನ್ನುವ ಪಂಡಿತರು ಕೂಡ ಎಲ್ಲವನ್ನೂ ಒಂದೇ ತೆರನಾಗಿ ಓದುವುದಿಲ್ಲ. ಕೀರ್ತನೆ 91ರಲ್ಲಿ ದೇವರು ತನ್ನ ರೆಕ್ಕೆಗಳಿಂದ ನಮ್ಮನ್ನು ಹೊದಗಿಸುತ್ತಾನೆ ಎಂದಿದೆ. ದೇವರಿಗೆ ರೆಕ್ಕೆ ಇದೆ ಎಂದು ಯಾವ ಪಾಸ್ಟರೂ ಬೋಧಿಸುವುದಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು "ನಾನೇ ಬಾಗಿಲು" ಎನ್ನುತ್ತಾನೆ. ಅದನ್ನು ಕೇಳಿ ಯಾರೂ ಗೊಂದಲಕ್ಕೆ ಬೀಳುವುದಿಲ್ಲ. 1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇನ್ನೂರಕ್ಕೂ ಹೆಚ್ಚು ಇವ್ಯಾಂಜೆಲಿಕಲ್ (ಬೈಬಲ್ ಅಧಿಕಾರಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟ್) ನಾಯಕರು ಸೇರಿ, ಬೈಬಲ್‌ನಲ್ಲಿ ತಪ್ಪಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಿದರು. ಈ ವಿಷಯದಲ್ಲಿ ಇವತ್ತಿಗೂ ಹೆಚ್ಚು ಜನ ಬೊಟ್ಟು ಮಾಡಿ ತೋರಿಸುವ ದಾಖಲೆ ಅದು. ಬಹಳ ಜನ ಅದರ ಹೆಸರು ಹೇಳುತ್ತಾರೆ, ಓದಿದವರು ಕಡಿಮೆ. ಅದರ 13ನೇ ಕಲಮು ನೋಡಿ. ಉತ್ಪ್ರೇಕ್ಷೆ, ದುಂಡು ಸಂಖ್ಯೆ, ಕಣ್ಣಿಗೆ ಕಂಡ ಹಾಗೆ ಪ್ರಕೃತಿಯನ್ನು ವರ್ಣಿಸುವುದು, ಬೇರೆ ಬೇರೆ ಸುವಾರ್ತೆಗಳಲ್ಲಿ ಬೇರೆ ಬೇರೆ ವಿವರಗಳನ್ನು ಆರಿಸಿಕೊಂಡಿರುವುದು, ಇವು ಯಾವುವೂ ತಪ್ಪಲ್ಲ ಎಂದು ಅದು ಹೇಳುತ್ತದೆ. 18ನೇ ಕಲಮು ಬರವಣಿಗೆಯ ಬಗೆಯನ್ನು ಗಮನಿಸಿ ಅರ್ಥಮಾಡಬೇಕು ಎನ್ನುತ್ತದೆ. ತಪ್ಪಿಲ್ಲ ಎಂಬ ಮಾತು ಮೂಲ ಲೇಖಕರು ಬರೆದ ಹಸ್ತಪ್ರತಿಗಳಿಗೆ ಅನ್ವಯಿಸುತ್ತದೆ ಎಂದು 10ನೇ ಕಲಮು ಹೇಳುತ್ತದೆ. ಆ ಮೂಲಪ್ರತಿ ಒಂದೂ ಈಗ ಉಳಿದಿಲ್ಲ.

ಅಂದರೆ ಅವರ ಪ್ರಕಾರವೂ ಅಕ್ಷರಶಃ ಓದುವುದು ಎಂದರೆ ಬರೆದವನು ಹೇಳಹೊರಟದ್ದನ್ನು ಹಿಡಿಯುವುದು. ಕವಿತೆಯನ್ನು ಕವಿತೆಯಾಗಿ, ಸಾಮತಿಯನ್ನು ಸಾಮತಿಯಾಗಿ, ಚರಿತ್ರೆಯನ್ನು ಚರಿತ್ರೆಯಾಗಿ ಓದುವುದು. ಇದರಲ್ಲಿ ಜಗಳವಿಲ್ಲ. ಜಗಳ ಇರುವುದು ಬೈಬಲ್‌ನ ಮೊದಲ ಪುಸ್ತಕವಾದ, ಸೃಷ್ಟಿಯ ಕಥೆ ಹೇಳುವ ಆದಿಕಾಂಡದ ಮೊದಲ ಹನ್ನೊಂದು ಅಧ್ಯಾಯ ಯಾವ ಬಗೆಯ ಬರಹ ಎನ್ನುವುದರಲ್ಲಿ.

ವಿಜ್ಞಾನ ಬಂದ ಮೇಲೆ ಹೆದರಿ ಕ್ರೈಸ್ತರು ಅರ್ಥ ಬದಲಾಯಿಸಿಕೊಂಡರು ಎಂದು ಬಹಳ ಜನ ತಿಳಿದಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಒರಿಜೆನ್ ಕೇಳಿದ ಪ್ರಶ್ನೆ ಇದು: ಸೂರ್ಯ ಉಂಟಾದದ್ದು ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನಗಳಲ್ಲಿ ಸಾಯಂಕಾಲ, ಪ್ರಾತಃಕಾಲ ಹೇಗೆ ಆದವು? ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಐದನೇ ಶತಮಾನದ ಆರಂಭದಲ್ಲಿ ಆದಿಕಾಂಡದ ಮೇಲೆ ದೊಡ್ಡ ವ್ಯಾಖ್ಯಾನ ಬರೆದ. ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಉಂಟುಮಾಡಿದ, ಆರು ದಿನ ಎನ್ನುವುದು ನಮಗೆ ಅರ್ಥವಾಗಲೆಂದು ಕೊಟ್ಟ ಕ್ರಮ ಎಂಬುದು ಅವನ ತಿಳುವಳಿಕೆ. ಅದೇ ಪುಸ್ತಕದಲ್ಲಿ ಅವನು ಒಂದು ಎಚ್ಚರಿಕೆಯನ್ನೂ ಕೊಟ್ಟ. ಆಕಾಶ, ನಕ್ಷತ್ರ, ಪ್ರಾಣಿ, ಕಲ್ಲುಗಳ ಬಗ್ಗೆ ಅನ್ಯರು ಚೆನ್ನಾಗಿ ತಿಳಿದಿರುವಾಗ, ಕ್ರೈಸ್ತನೊಬ್ಬ ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ ಕೇಳಿದವರು ನಗುತ್ತಾರೆ. ಆಮೇಲೆ ಪುನರುತ್ಥಾನದ ಬಗ್ಗೆ, ನಿತ್ಯಜೀವದ ಬಗ್ಗೆ ಅದೇ ಗ್ರಂಥ ಹೇಳುವುದನ್ನು ಅವರು ಹೇಗೆ ನಂಬಿಯಾರು ಎಂದು ಕೇಳಿದ. ಇದು ಡಾರ್ವಿನ್‌ಗಿಂತ 1,400 ವರ್ಷ ಹಿಂದಿನ ಮಾತು.

ಮತಸುಧಾರಕರಲ್ಲಿ ಲೂಥರ್ ಆರು ದಿನಗಳನ್ನು ಮಾಮೂಲಿ ದಿನಗಳೆಂದೇ ಓದಿದ. ಕ್ಯಾಲ್ವಿನ್ ಕೂಡ ಆರು ದಿನಗಳನ್ನು ಒಪ್ಪಿದ. ಆದರೆ 1554ರ ತನ್ನ ವ್ಯಾಖ್ಯಾನದಲ್ಲಿ ಒಂದು ಸೂಕ್ಷ್ಮ ಎತ್ತಿದ. ಆದಿಕಾಂಡ ಬರೆದವನೆಂದು ಪರಂಪರೆ ಹೇಳುವ ಮೋಶೆ ಸೂರ್ಯಚಂದ್ರರನ್ನು ಎರಡು ದೊಡ್ಡ ಬೆಳಕುಗಳು ಎನ್ನುತ್ತಾನೆ. ಶನಿಗ್ರಹ ಚಂದ್ರನಿಗಿಂತ ದೊಡ್ಡದೆಂದು ಖಗೋಳ ಬಲ್ಲವರು ತೋರಿಸಿದ್ದಾರೆ. ಹಾಗಾದರೆ ಮೋಶೆ ತಪ್ಪಿದನೇ? ಇಲ್ಲ, ಅವನು ಸಾಮಾನ್ಯ ಜನರ ಕಣ್ಣಿಗೆ ಕಂಡ ಹಾಗೆ ಬರೆದ, ಖಗೋಳ ಕಲಿಯಬೇಕಾದವರು ಬೇರೆ ಕಡೆ ಹೋಗಲಿ ಎಂದ ಕ್ಯಾಲ್ವಿನ್. ಗ್ರಂಥದ ಅಧಿಕಾರವನ್ನು ಅವನಷ್ಟು ಗಟ್ಟಿಯಾಗಿ ಹಿಡಿದವರು ಕಡಿಮೆ.

ಆರು ಸಾವಿರ ವರ್ಷದ ಲೆಕ್ಕ ಎಲ್ಲಿಂದ ಬಂತು? ಬೈಬಲ್ ಎಲ್ಲಿಯೂ ಭೂಮಿಯ ವಯಸ್ಸನ್ನು ಹೇಳುವುದಿಲ್ಲ. ಆದಿಕಾಂಡ 5 ಮತ್ತು 11ರ ವಂಶಾವಳಿಗಳಲ್ಲಿ ತಂದೆಗೆ ಇಷ್ಟು ವರ್ಷವಾದಾಗ ಮಗ ಹುಟ್ಟಿದ ಎಂದಿದೆ. ಅವನ್ನು ಕೂಡಿಸುತ್ತಾ ಹೋದರೆ ಆದಾಮನಿಂದ ಜಲಪ್ರಳಯಕ್ಕೆ 1,656 ವರ್ಷ ಆಗುತ್ತದೆ. 969 ವರ್ಷ ಬದುಕಿದ ಮೆತೂಷೆಲಹ ಸರಿಯಾಗಿ ಪ್ರಳಯದ ವರ್ಷವೇ ಸಾಯುತ್ತಾನೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಈ ಲೆಕ್ಕವನ್ನು ಬೇರೆ ದೇಶಗಳ ರಾಜರ ಕಾಲಗಣನೆಯೊಂದಿಗೆ ಹೊಂದಿಸಿ, ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದ. ಅವನ ಕಾಲಕ್ಕೆ ಅದು ದೊಡ್ಡ ಪಾಂಡಿತ್ಯದ ಕೆಲಸವೇ. ತೊಂದರೆ ಆದದ್ದು ಆಮೇಲೆ. ಹದಿನೆಂಟನೇ ಶತಮಾನದಿಂದ ಇಂಗ್ಲಿಷ್ ಬೈಬಲ್‌ಗಳು ಆ ಇಸವಿಗಳನ್ನು ಪುಟದ ಅಂಚಿನಲ್ಲಿ ಅಚ್ಚು ಹಾಕಿದವು. ಓದುವವರಿಗೆ ಅಂಚಿನ ಇಸವಿಯೂ ದೇವರ ವಾಕ್ಯದ ಹಾಗೆಯೇ ಕಂಡಿತು.

ವಂಶಾವಳಿಗಳನ್ನು ಹೀಗೆ ಕೂಡಿಸಬಹುದೇ ಎಂಬುದಕ್ಕೆ ಬೈಬಲ್ ಒಳಗೇ ಉತ್ತರ ಇದೆ. ಮತ್ತಾಯ 1:8ರಲ್ಲಿ ಯೋರಾಮನು ಉಜ್ಜೀಯನನ್ನು ಪಡೆದನು ಎಂದಿದೆ. ಪೂರ್ವಕಾಲವೃತ್ತಾಂತದ ಪಟ್ಟಿ ತೆಗೆದು ನೋಡಿ. ಆ ಇಬ್ಬರ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ರಾಜರಿದ್ದಾರೆ. ಮತ್ತಾಯ ಹದಿನಾಲ್ಕು ತಲೆಮಾರುಗಳ ಮೂರು ಗುಂಪು ಮಾಡಲು ಅವರನ್ನು ಬಿಟ್ಟಿದ್ದಾನೆ. ಯೆಹೂದ್ಯ ಓದುಗರಿಗೆ ಇದು ಸುಳ್ಳು ಎನ್ನಿಸುತ್ತಿರಲಿಲ್ಲ. ವಂಶಾವಳಿ ಬರೆಯುವ ಕ್ರಮವೇ ಹಾಗಿತ್ತು. 1890ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ದೇವಶಾಸ್ತ್ರ ಶಾಲೆಯ ವಿಲಿಯಂ ಹೆನ್ರಿ ಗ್ರೀನ್ ಇಂಥ ಉದಾಹರಣೆಗಳನ್ನೆಲ್ಲ ಒಟ್ಟುಮಾಡಿ, ಈ ಪಟ್ಟಿಗಳಿಂದ ಸೃಷ್ಟಿಯ ಇಸವಿ ತೆಗೆಯಲು ಬರುವುದಿಲ್ಲ ಎಂದು ತೋರಿಸಿದ. ಗ್ರೀನ್ ಬೈಬಲನ್ನು ಹಗುರವಾಗಿ ಕಂಡವನಲ್ಲ, ಅದರ ಸಮರ್ಥಕರಲ್ಲಿ ಮುಂಚೂಣಿಯವನು. ಬೈಬಲ್‌ನಲ್ಲಿ ತಪ್ಪಿಲ್ಲ ಎಂಬ ಸಿದ್ಧಾಂತಕ್ಕೆ ಆಧುನಿಕ ರೂಪ ಕೊಟ್ಟ ಬೆಂಜಮಿನ್ ವಾರ್‌ಫೀಲ್ಡ್ ಕೂಡ ಪ್ರಿನ್ಸ್‌ಟನ್‌ನವನೇ. ಮನುಷ್ಯಕುಲ ಎಷ್ಟು ಹಳೆಯದು ಎಂಬುದಕ್ಕೆ ದೇವಶಾಸ್ತ್ರದಲ್ಲಿ ಯಾವ ಮಹತ್ವವೂ ಇಲ್ಲ ಎಂಬ ಅರ್ಥದಲ್ಲಿ ಅವನು 1911ರಲ್ಲಿ ಬರೆದ.

'ಫಂಡಮೆಂಟಲಿಸ್ಟ್' (ಮೂಲಭೂತವಾದಿ) ಎಂಬ ಹೆಸರು ಬರಲು ಕಾರಣವಾದ ಕಿರುಸಂಪುಟಗಳು 1910ರಿಂದ 1915ರವರೆಗೆ ಹೊರಬಂದವು. ಕ್ಯಾಲಿಫೋರ್ನಿಯಾದ ತೈಲ ಉದ್ಯಮಿ ಲೈಮನ್ ಸ್ಟೂವರ್ಟ್ ಹಣ ಹಾಕಿದ್ದ. ಅದರಲ್ಲಿ ಬರೆದ ಸ್ಕಾಟ್ಲೆಂಡಿನ ಜೇಮ್ಸ್ ಓರ್ ಭೂಮಿ ಬಹಳ ಹಳೆಯದು ಎಂಬುದನ್ನು ಒಪ್ಪಿದ್ದ. 1925ರ ಜುಲೈಯಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸವಾದ ಪಾಠ ಮಾಡಿದ ಮೇಷ್ಟ್ರ ಮೇಲೆ ಮೊಕದ್ದಮೆ ನಡೆಯಿತು. ಬೈಬಲ್ ಪರವಾಗಿ ನಿಂತವನು ವಿಲಿಯಂ ಜೆನಿಂಗ್ಸ್ ಬ್ರಯನ್. ಆರು ದಿನ ಎಂದರೆ 24 ಗಂಟೆಯ ದಿನಗಳೇ ಆಗಬೇಕಿಲ್ಲ, ದೀರ್ಘ ಕಾಲಗಳೂ ಆಗಿರಬಹುದು ಎಂದು ಸಾಕ್ಷಿ ಕಟ್ಟೆಯಲ್ಲೇ ಅವನು ಹೇಳಿದ.

ಹಾಗಾದರೆ ಇವತ್ತು ನಾವು ಕೇಳುವ ವಾದ ಯಾವಾಗ ಬಲವಾಯಿತು? ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್, ಪಳೆಯುಳಿಕೆಯ ಪದರಗಳೆಲ್ಲ ನೋಹನ ಕಾಲದ ಪ್ರಳಯದಿಂದ ಆದವು ಎಂದು 1920ರ ದಶಕದಲ್ಲಿ ಬರೆದ. ಆಗ ಅದು ಹೆಚ್ಚು ಜನರನ್ನು ತಲುಪಲಿಲ್ಲ. 1961ರಲ್ಲಿ ದೇವಶಾಸ್ತ್ರದ ಅಧ್ಯಾಪಕ ಜಾನ್ ವಿಟ್‌ಕೂಂ ಮತ್ತು ಜಲ ಎಂಜಿನಿಯರ್ ಹೆನ್ರಿ ಮಾರಿಸ್ ಸೇರಿ ಇದೇ ವಾದವನ್ನು ದೊಡ್ಡ ಪುಸ್ತಕ ಮಾಡಿದರು. ಅಲ್ಲಿಂದ ಅದು ಅಮೆರಿಕದ ಸಭೆಗಳಲ್ಲಿ ಹರಡಿತು. ಕೆಂಟಕಿಯಲ್ಲಿ 2007ರಲ್ಲಿ ಸೃಷ್ಟಿ ಮ್ಯೂಸಿಯಂ, 2016ರಲ್ಲಿ ನೋಹನ ನಾವೆಯ ಪೂರ್ಣ ಗಾತ್ರದ ಪ್ರತಿಕೃತಿ ಎದ್ದು ನಿಂತಿತು. ಇವತ್ತು ಸನಾತನ ಕ್ರೈಸ್ತ ಬೋಧನೆ ಎಂದು ನಮ್ಮ ಮುಂದೆ ಇಡುವ ಪ್ರಳಯ ಭೂವಿಜ್ಞಾನಕ್ಕೆ ಈ ರೂಪದಲ್ಲಿ ನೂರು ವರ್ಷದಷ್ಟೇ ವಯಸ್ಸು. ಕಥೋಲಿಕ ಸಭೆ ಈ ದಾರಿ ಹಿಡಿಯಲೇ ಇಲ್ಲ. ಬರಹದ ಬಗೆಗಳನ್ನು ಗಮನಿಸಬೇಕು ಎಂದು ಪೋಪ್ ಹನ್ನೆರಡನೇ ಪಯಸ್ 1943ರಲ್ಲೇ ಬರೆದರು. ಮಹಾಸ್ಫೋಟ ಸಿದ್ಧಾಂತದ ಮೊದಲ ರೂಪ ಕೊಟ್ಟ ಜಾರ್ಜ್ ಲೆಮೈತ್ರ್ ಒಬ್ಬ ಪಾದ್ರಿ.

ಇಷ್ಟು ಹೇಳಿದ ಮೇಲೆ, ಆರು ದಿನ ನಂಬುವ ಸಹೋದರರ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಡಬೇಕು. ಅವರು ಸುಮ್ನೆ ಹಟ ಮಾಡುತ್ತಿಲ್ಲ. ವಿಮೋಚನಕಾಂಡ 20:11ರಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಆಜ್ಞೆಗೆ ಕಾರಣ ಕೊಡುವಾಗ, ಯೆಹೋವನು ಆರು ದಿನಗಳಲ್ಲಿ ಎಲ್ಲವನ್ನೂ ಉಂಟುಮಾಡಿದನು ಎಂದೇ ಇದೆ. ಮಾರ್ಕ 10:6ರಲ್ಲಿ ಯೇಸು ಸೃಷ್ಟಿಯ ಆರಂಭದಿಂದ ದೇವರು ಗಂಡು ಹೆಣ್ಣಾಗಿ ಮಾಡಿದನು ಎನ್ನುತ್ತಾನೆ. ಎಲ್ಲಕ್ಕಿಂತ ಭಾರವಾದ ವಾದ ಸಾವಿನದು. ರೋಮಾಪುರ 5:12ರ ಪ್ರಕಾರ ಪಾಪದಿಂದ ಮರಣ ಲೋಕಕ್ಕೆ ಬಂತು. ಭೂಮಿ ಹಳೆಯದಾದರೆ, ಆದಾಮನಿಗಿಂತ ಕೋಟ್ಯಂತರ ವರ್ಷ ಮೊದಲೇ ಪ್ರಾಣಿಗಳು ಒಂದನ್ನೊಂದು ತಿಂದು, ರೋಗ ಬಂದು ಸತ್ತಿವೆ. ದೇವರು ಒಳ್ಳೆಯದೆಂದು ಕಂಡ ಲೋಕ ಅದೇನಾ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಬಾರದು. ಆ ಪತ್ರ ಬರೆದ ಅಪೊಸ್ತಲ ಪೌಲನು ಅದೇ ವಚನದಲ್ಲಿ ಮರಣವು ಎಲ್ಲಾ ಮನುಷ್ಯರಿಗೆ ವ್ಯಾಪಿಸಿತು ಎನ್ನುತ್ತಾನೆ, ಪ್ರಾಣಿಗಳ ಮಾತು ಅಲ್ಲಿ ಇಲ್ಲ ಎಂಬುದು ನನ್ನ ಉತ್ತರ. ಕೀರ್ತನೆ 104ರಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತಾ ದೇವರಿಂದ ಆಹಾರ ಕೇಳುತ್ತವೆ, ಕೀರ್ತನಕಾರ ಅದನ್ನು ದೇವರ ಕೈಕೆಲಸವೆಂದೇ ಹೊಗಳುತ್ತಾನೆ. ಈ ಉತ್ತರ ಎಲ್ಲರಿಗೂ ಸಾಕಾಗದು, ಅದೂ ನನಗೆ ಗೊತ್ತು.

ಆದರೆ ಕಲ್ಲುಗಳ ಸಾಕ್ಷಿ ಎದುರಿಗಿದೆ. ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷದ್ದು. ಇದನ್ನು ಹೇಗೆ ಅಳೆಯುತ್ತಾರೆ? ಕಲ್ಲಿನೊಳಗೆ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಯುರೇನಿಯಂ ಅದರೊಳಗೆ ಸೇರುತ್ತದೆ, ಸೀಸ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ 238ರಲ್ಲಿ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ 235ರ ವೇಗವೇ ಬೇರೆ. ಒಂದೇ ಹರಳಿನಲ್ಲಿ ಎರಡು ಗಡಿಯಾರ ಇದ್ದಂತೆ. ಎರಡೂ ಒಂದೇ ಉತ್ತರ ಕೊಟ್ಟರೆ ಅದನ್ನು ತಳ್ಳಿಹಾಕುವುದು ಕಷ್ಟ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದ. ಆಮೇಲೆ ಅದು ಹೆಚ್ಚು ಬದಲಾಗಿಲ್ಲ.

ಇದಕ್ಕೆ ಎರಡು ಉತ್ತರಗಳಿವೆ. ಹಿಂದೆ ಯುರೇನಿಯಂ ಬಹಳ ವೇಗವಾಗಿ ಸೀಸವಾಗಿರಬಹುದು ಎನ್ನುವುದು ಒಂದು. ಆದರೆ ಕೋಟ್ಯಂತರ ವರ್ಷದ ಬದಲಾವಣೆ ಸ್ವಲ್ಪ ಕಾಲದಲ್ಲಿ ಆದರೆ ಹೊರಬರುವ ಶಾಖಕ್ಕೆ ಭೂಮಿಯೇ ಕರಗಿಹೋಗುತ್ತದೆ. ಈ ವಾದ ಮುಂದಿಟ್ಟ ಸೃಷ್ಟಿವಾದಿ ಸಂಶೋಧಕರೇ ಶಾಖದ ಸಮಸ್ಯೆ ಬಗೆಹರಿದಿಲ್ಲ ಎಂದು ಒಪ್ಪಿದ್ದಾರೆ. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಎರಡನೆಯದು, ದೇವರು ಲೋಕವನ್ನು ಹಳೆಯದಾಗಿ ಕಾಣುವಂತೆಯೇ ಉಂಟುಮಾಡಿದ ಎಂಬುದು. 1857ರಲ್ಲಿ ಇಂಗ್ಲೆಂಡಿನ ಫಿಲಿಪ್ ಗಾಸ್ ಹೀಗೆ ಬರೆದಾಗ, ಅವನ ಗೆಳೆಯನೂ ಪಾದ್ರಿಯೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ ಒಪ್ಪಲಿಲ್ಲ. ದೇವರು ಬಂಡೆಗಳ ಮೇಲೆ ದೊಡ್ಡದೊಂದು ಸುಳ್ಳು ಬರೆದಿದ್ದಾನೆ ಎಂದು ನನ್ನಿಂದ ನಂಬಲಾಗದು ಎಂದ. ನನಗೂ ಅದೇ ಅನ್ನಿಸುತ್ತದೆ. ಕೀರ್ತನೆ 19ರ ಪ್ರಕಾರ ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆ. ಸಾರುವ ಸಾಕ್ಷಿಯೇ ಸುಳ್ಳು ಹೇಳುತ್ತಿದೆ ಎಂದರೆ ದೇವರ ಸ್ವಭಾವದ ಬಗ್ಗೆ ನಾವು ಏನು ಹೇಳಿದಂತಾಯಿತು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆದಿಕಾಂಡ 1ನ್ನು ಹೀಗೆ ಓದುವವರು ಪುನರುತ್ಥಾನವನ್ನು ಮಾತ್ರ ಯಾಕೆ ಅಕ್ಷರಶಃ ಹಿಡಿಯುತ್ತೀರಿ? ಯಾಕೆಂದರೆ ಆ ಬರಹಗಳ ಬಗೆಯೇ ಬೇರೆ. ಆದಿಕಾಂಡ 1ರಲ್ಲಿ ಒಂದು ಲಯ ಇದೆ. ಮೊದಲ ಮೂರು ದಿನ ಜಾಗಗಳು ಸಿದ್ಧವಾಗುತ್ತವೆ, ಮುಂದಿನ ಮೂರು ದಿನ ಅವು ತುಂಬುತ್ತವೆ. ನೋಡಿದ ಸಾಕ್ಷಿ ಯಾರೂ ಇಲ್ಲ. ಲೂಕನಾದರೋ ತನ್ನ ಸುವಾರ್ತೆಯ ಮೊದಲ ಸಾಲುಗಳಲ್ಲೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆ ಎನ್ನುತ್ತಾನೆ. ಊರು, ಅಧಿಕಾರಿ, ವರ್ಷ ಎಲ್ಲ ಹೆಸರಿಸುತ್ತಾನೆ. ಅವನ್ನು ಪರೀಕ್ಷಿಸಬಹುದು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಲೂಕನದೇ ಆದ ಅಪೊಸ್ತಲರ ಕೃತ್ಯಗಳು 18ರಲ್ಲಿ ಬರುವ ಅಧಿಪತಿ ಗಲ್ಲಿಯೋನನ ಹೆಸರು ಗ್ರೀಸಿನ ಡೆಲ್ಫಿಯ ಶಾಸನದಲ್ಲಿದೆ. ಪೌಲ ಕೊರಿಂಥದಲ್ಲಿ ಇದ್ದದ್ದು ಕ್ರಿ.ಶ. 51ರ ಸುಮಾರಿಗೆ ಎಂದು ಅದರಿಂದಲೇ ಗೊತ್ತಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು 1 ಕೊರಿಂಥ 15. ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಅಂದರೆ ಯೇಸು ಶಿಲುಬೆಯಲ್ಲಿ ಸತ್ತು ಇಪ್ಪತ್ತೈದು ವರ್ಷದೊಳಗೆ. ಅಲ್ಲಿ ಅವನು ತಾನೂ ಬೇರೆಯವರಿಂದ ಹೊಂದಿದ ಒಂದು ಪಟ್ಟಿ ಕೊಡುತ್ತಾನೆ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಕೇಫನಿಗೆ (ಅಂದರೆ ಪೇತ್ರನಿಗೆ) ಕಾಣಿಸಿಕೊಂಡನು, ಹನ್ನೆರಡು ಮಂದಿಗೆ, ಐನೂರಕ್ಕಿಂತ ಹೆಚ್ಚು ಸಹೋದರರಿಗೆ, ಯಾಕೋಬನಿಗೆ ಕಾಣಿಸಿಕೊಂಡನು. ಕೇಫನನ್ನೂ ಯಾಕೋಬನನ್ನೂ ಯೆರೂಸಲೇಮಿನಲ್ಲಿ ಭೇಟಿಮಾಡಿದ್ದನ್ನು ಪೌಲ ಗಲಾತ್ಯ 1ರಲ್ಲಿ ಹೇಳುತ್ತಾನೆ. ಹಾಗಾಗಿ ಇದು ದಂತಕಥೆ ಬೆಳೆಯುವಷ್ಟು ಕಾಲ ಕಳೆದ ಮೇಲೆ ಹುಟ್ಟಿದ ಮಾತಲ್ಲ. ನಾಲ್ಕು ಸುವಾರ್ತೆಗಳಲ್ಲೂ ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಆ ಕಾಲದ ಯೆಹೂದ್ಯ ಚರಿತ್ರೆಕಾರ ಜೋಸೀಫಸ್ ಬರೆದಿದ್ದಾನೆ. ಕಥೆ ಕಟ್ಟುವವರು ಮಗ್ದಲದ ಮರಿಯಳನ್ನು ಮೊದಲ ಸಾಕ್ಷಿ ಮಾಡುತ್ತಿರಲಿಲ್ಲ, ಅಲ್ವಾ?

ವಿರುದ್ಧ ವಾದವೂ ಇದೆ. ನಂಬಿಕೆ ಬಿಟ್ಟ ಜರ್ಮನ್ ವಿದ್ವಾಂಸ ಗೆರ್ಡ್ ಲ್ಯೂಡಮಾನ್, ಶಿಷ್ಯರಿಗೆ ಯೇಸುವಿನ ದರ್ಶನವಾದ ಅನುಭವ ಆದದ್ದು ನಿಜ, ಅದು ದುಃಖದಿಂದ ಮನಸ್ಸಿನೊಳಗೆ ಹುಟ್ಟಿದ್ದು ಎಂದ. ಪೇತ್ರನ ಮಟ್ಟಿಗೆ ಅದು ಹೊಂದಬಹುದು. ಆದರೆ ಪೌಲನಿಗೆ ಯಾವ ದುಃಖ ಇತ್ತು? ಅವನು ಸಭೆಯನ್ನು ಹಿಂಸಿಸುತ್ತಿದ್ದವನು. ಯೇಸು ಬದುಕಿದ್ದಾಗ ಅವನ ಸಹೋದರರು ಅವನನ್ನು ನಂಬಿರಲಿಲ್ಲ ಎಂದು ಯೋಹಾನ 7 ಹೇಳುತ್ತದೆ. ಅವರಲ್ಲಿ ಒಬ್ಬನಾದ ಯಾಕೋಬ ಮುಂದೆ ಯೆರೂಸಲೇಮ್ ಸಭೆಯ ನಾಯಕನಾಗಿ ಕೊಲ್ಲಲ್ಪಟ್ಟ. ಆ ಸಾವನ್ನು ಜೋಸೀಫಸ್ ದಾಖಲಿಸಿದ್ದಾನೆ. ಇದನ್ನೆಲ್ಲ ಪ್ರಯೋಗಶಾಲೆಯಲ್ಲಿ ರುಜುವಾತು ಮಾಡಲು ಆಗುವುದಿಲ್ಲ. ದೇವರೇ ಇಲ್ಲ ಎಂದು ಮೊದಲೇ ತೀರ್ಮಾನಿಸಿದವರಿಗೆ ಯಾವ ಸಾಕ್ಷಿಯೂ ಸಾಲದು. ಆದರೆ ದೇವರು ಇರಬಹುದು ಎಂದು ಒಪ್ಪುವವರ ಮುಂದೆ ಇಡಲು ಇದು ಗಟ್ಟಿಯಾದ ಸಾಕ್ಷಿ. ಕ್ರಿಸ್ತನು ಎದ್ದು ಬರಲಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲ ಬರೆದ. ಭೂಮಿ ಹಳೆಯದಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಯಾವ ಅಪೊಸ್ತಲನೂ ಬರೆಯಲಿಲ್ಲ.

ಇತ್ಯರ್ಥವಾಗದ ಕಷ್ಟಗಳೂ ಇವೆ. ಲೂಕ 2:2ರ ಪ್ರಕಾರ ಸಿರಿಯದ ಅಧಿಪತಿ ಕುರೇನ್ಯನ ಕಾಲದ ಖಾನೇಷುಮಾರಿಯಲ್ಲಿ (ಜನಗಣತಿಯಲ್ಲಿ) ಯೇಸು ಹುಟ್ಟಿದ. ಜೋಸೀಫಸ್ ಕುರೇನ್ಯನ ಖಾನೇಷುಮಾರಿಯನ್ನು ಕ್ರಿ.ಶ. 6ರಲ್ಲಿ ಇಡುತ್ತಾನೆ. ಆದರೆ ಯೇಸು ಹುಟ್ಟಿದಾಗ ಆಳುತ್ತಿದ್ದನೆಂದು ಮತ್ತಾಯ ಹೇಳುವ ರಾಜ ಹೆರೋದ ಅದಕ್ಕೆ ಸುಮಾರು ಒಂಬತ್ತು ವರ್ಷ ಮೊದಲೇ, ಕ್ರಿ.ಪೂ. 4ರಲ್ಲಿ ಸತ್ತಿದ್ದ ಎಂಬುದು ಹೆಚ್ಚಿನ ಇತಿಹಾಸಕಾರರ ಲೆಕ್ಕ. ಸಮರ್ಥಕರು ಹಲವು ಪರಿಹಾರ ಕೊಟ್ಟಿದ್ದಾರೆ, ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಯೆಹೋಶುವನ ಮುಂದೆ ಗೋಡೆ ಕುಸಿಯಿತು ಎಂದು ಬೈಬಲ್ ಹೇಳುವ ಯೆರಿಕೋ ಪಟ್ಟಣವನ್ನು 1950ರ ದಶಕದಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್‌ಗೆ ಯೆಹೋಶುವನ ಕಾಲದ ಗೋಡೆ ಸಿಗಲಿಲ್ಲ. ಇವನ್ನು ಮುಚ್ಚಿಡುವುದರಿಂದ ಯಾರಿಗೂ ಒಳ್ಳೆಯದಾಗದು. ಮುಚ್ಚಿಟ್ಟದ್ದು ಒಂದು ದಿನ ಮಗುವಿನ ಮೊಬೈಲ್‌ನಲ್ಲಿ ಬರುತ್ತದೆ, ಆಗ ನಮ್ಮ ಎಲ್ಲ ಮಾತಿನ ಮೇಲೂ ಅನುಮಾನ ಹುಟ್ಟುತ್ತದೆ.

ಅದಕ್ಕಿಂತ ಕೆಟ್ಟದ್ದು ಸುಳ್ಳು ಸಾಕ್ಷಿ. ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನವನ್ನು ನಾಸಾ ಕಂಪ್ಯೂಟರ್ ಕಂಡುಹಿಡಿಯಿತು ಎಂಬ ಕಥೆ ದಶಕಗಳಿಂದ ಓಡಾಡುತ್ತಿದೆ. ನಾಸಾ ಅದನ್ನು ಅಲ್ಲಗಳೆದಿದೆ. ಕಳೆದುಹೋದ ದಿನವನ್ನು ಕಂಪ್ಯೂಟರ್‌ನಿಂದ ಹಾಗೆ ಹುಡುಕಲೂ ಬರುವುದಿಲ್ಲ. ದೈತ್ಯನ ಅಸ್ಥಿಪಂಜರದ ಫೋಟೋ 2002ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಗೆ ಯಾರೋ ಮಾಡಿದ್ದು. ಆದಿಕಾಂಡ 6ರ ಮಹಾಶರೀರಿಗಳು ಎಂದು ಅದನ್ನು ಕಳಿಸುವವರಿದ್ದಾರೆ. ನಮ್ಮ ದೇಶದಲ್ಲಿ ಅದೇ ಚಿತ್ರ ಘಟೋತ್ಕಚನ ಹೆಸರಿನಲ್ಲೂ ಸುತ್ತಾಡಿತು. ದೇವರ ಪರವಾಗಿ ಸುಳ್ಳು ಹೇಳುವುದಕ್ಕೆ ಹತ್ತು ಆಜ್ಞೆಗಳಲ್ಲಿ ವಿನಾಯಿತಿ ಇಲ್ಲ.

ನಂಬಿಕೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಕೊಡಿ ಎಂದು 1 ಪೇತ್ರ 3:15 ಹೇಳುತ್ತದೆ. ಸಂಡೇ ಸ್ಕೂಲ್ ನಡೆಸುವವರಿಗೆ, ಯುವಕರ ಕೂಟ ನಡೆಸುವವರಿಗೆ ನನ್ನ ಸಲಹೆ ಇಷ್ಟು. ಕೇಳುವ ಹುಡುಗನ ಜೊತೆ ಮೊದಲು ಡೈನೋಸಾರ್ ಚರ್ಚೆಗೆ ಹೋಗಬೇಡಿ. ಮಾರ್ಕನ ಸುವಾರ್ತೆ ಓದಿ, 16 ಅಧ್ಯಾಯ ಅಷ್ಟೇ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಕೊನೆಯ ಅಧ್ಯಾಯಕ್ಕೆ ಬಂದಾಗ 9ನೇ ವಚನದಿಂದ ಮುಂದಿನ ಭಾಗ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ ಎಂಬುದನ್ನೂ ನೀವೇ ಹೇಳಿ, ಅವನು ಬೇರೆಯವರಿಂದ ಕೇಳುವ ಮೊದಲು. ಅದಕ್ಕೆ ಹೆದರಬೇಕಿಲ್ಲ. 6ನೇ ವಚನದಲ್ಲೇ ಸಮಾಧಿ ಖಾಲಿಯಾಗಿದೆ.